ದೂರದರ್ಶನದ ಭಾರತದಲ್ಲಿ ದ್ಯೂತಸಭೆ

ಜೂಜಿನ ಸಭೆಯೊಂದನ್ನು ಕಥೆಯ ನಡುವೆ ಇರಿಸಿ, ಅಲ್ಲಿಂದ ಕಥೆಯ ಗತಿಯನ್ನೇ ತಿರುಗಿಸುವ ಪದ್ಧತಿಯು ಭಾರತೀಯ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವು ಜೂಜುಗಾರನ ಪರಿತಾಪವನ್ನೇ ವಿಷಯವಾಗಿ ಉಳ್ಳದ್ದು. ಸಭಾಪರ್ವದ ದ್ಯೂತ, ನಲೋಪಾಖ್ಯಾನದ ದ್ಯೂತ, ಮೃಚ್ಛಕಟಿಕದ ಎರಡನೆಯ ಅಂಕದ ಜೂಜುಕಟ್ಟೆ ಇವು ಅದರ ಮುಂದಿನ ಮೆಟ್ಟಿಲುಗಳು. ಇಂದಿನ ದೃಶ್ಯಮಾಧ್ಯಮದಲ್ಲಿ ಈ ಪರಂಪರೆಯು ಎಲ್ಲಕ್ಕಿಂತ ವ್ಯಾಪಕವಾಗಿ ಕಾಣಿಸಿಕೊಂಡುದು ಬಿ. ಆರ್. ಚೋಪ್ರಾ ಅವರು ನಿರ್ಮಿಸಿ, ರವಿ ಚೋಪ್ರಾ ಅವರೊಡಗೂಡಿ ನಿರ್ದೇಶಿಸಿದ ಹಿಂದೀ ‘ಮಹಾಭಾರತ’ ಧಾರಾವಾಹಿಯಲ್ಲಿ. ೧೯೮೮ನೆಯ ಅಕ್ಟೋಬರ್ ೨ರಿಂದ ೧೯೯೦ನೆಯ ಜೂನ್ ೨೪ರವರೆಗೆ, ೯೪ ಕಂತುಗಳಲ್ಲಿ, ಭಾನುವಾರದ ಬೆಳಗಿನ ಹೊತ್ತು ದೂರದರ್ಶನವು ಇದನ್ನು ಪ್ರಸಾರಮಾಡಿತು. ೨೦೨೦ರಲ್ಲಿ ಜನರು ಮನೆಯೊಳಗೇ ಇರಬೇಕಾಗಿ ಬಂದಾಗ ಅದೇ ಧಾರಾವಾಹಿಯು ಮತ್ತೊಮ್ಮೆ ತೆರೆಗೆ ಬಂದಿತು. ಸಂಭಾಷಣೆಯನ್ನು ಬರೆದವರು ರಾಹಿ ಮಾಸೂಮ್ ರಜಾ. ಮೂಲ ಸಂಸ್ಕೃತವನ್ನು ಓದದ, ಕುಮಾರವ್ಯಾಸನನ್ನೂ ಕೇಳದ ತಲೆಮಾರೊಂದಕ್ಕೆ ದ್ಯೂತಸಭೆ ಎಂದರೆ ಈ ದೃಶ್ಯವೇ ಆಗಿದೆ. ತರಗತಿಯಲ್ಲಿ ಸಭಾಪರ್ವವನ್ನು ಪಾಠಹೇಳುವ ಅಧ್ಯಾಪಕನು ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಸಭೆ ಸಿದ್ಧವಾಗಿರುತ್ತದೆ. ಆದಕಾರಣ ಆ ಸಭೆಯು ಮೂಲದೊಡನೆ ಎಷ್ಟರಮಟ್ಟಿಗೆ ಹೊಂದುತ್ತದೆ, ಎಲ್ಲಿ ಅಗಲುತ್ತದೆ, ಆ ಅಗಲಿಕೆಯಿಂದ ಅರ್ಥಕ್ಕೆ ಏನಾಗಿದೆ ಎಂಬುದು ವಿಚಾರಾರ್ಹವಾಗಿದೆ.

ದೃಶ್ಯದ ಸ್ವರೂಪವು ಇಂತಿದೆ. ವಿಶಾಲವಾದ ರಾಜಸಭೆ, ಎತ್ತರದಲ್ಲಿ ಧೃತರಾಷ್ಟ್ರನ ಸಿಂಹಾಸನ, ಇಕ್ಕೆಲಗಳಲ್ಲಿ ಭೀಷ್ಮದ್ರೋಣಾದಿಗಳ ಪೀಠಗಳು, ನಡುವೆ ಪಗಡೆಯ ಹಾಸು. ಒಂದು ಕಡೆ ಗಜೇಂದ್ರ ಚೌಹಾಣ್ ಅಭಿನಯಿಸಿದ ಯುಧಿಷ್ಠಿರ, ಎದುರಿಗೆ ಗೂಫಿ ಪೇಂಟಲ್ ಅಭಿನಯಿಸಿದ ಶಕುನಿ. ಕುಂಟುವ ನಡಿಗೆ, ಅರೆಮುಚ್ಚಿದ ಕಣ್ಣು, ಅಂಗೈಗಳ ನಡುವೆ ದಾಳಗಳನ್ನು ತಿಕ್ಕುವ ಸದ್ದು, ಸೋದರಳಿಯನನ್ನು ಕರೆಯುವ ಧ್ವನಿಯ ಏರಿಳಿತ ಇವುಗಳಿಂದ ಆ ನಟನು ಶಕುನಿಗೆ ಕೊಟ್ಟ ಆಕಾರವು ಜನಮನದಲ್ಲಿ ಅಚ್ಚೊತ್ತಿ ನಿಂತಿದೆ. ಪ್ರತಿಯೊಂದು ಒಡ್ಡಿನ ಕೊನೆಗೂ ಶಕುನಿಯು ಗೆಲುವನ್ನು ಸಾರುವ ಒಂದೇ ಬಗೆಯ ವಾಕ್ಯವನ್ನು ವ್ಯಾಸರು ಪಲ್ಲವಿಯಂತೆ ಮತ್ತೆ ಮತ್ತೆ ತಂದಿದ್ದಾರಷ್ಟೆ. ಪುನರುಕ್ತಿಯಿಂದಲೇ ಭೀತಿಯನ್ನು ಬೆಳೆಯಿಸುವ ಆ ಉಪಾಯಕ್ಕೆ ಬದಲಾಗಿ ತೆರೆಯ ಮೇಲೆ ದಾಳಗಳ ಸದ್ದು ಕೆಲಸಮಾಡಿದೆ. ಇದು ಮಾಧ್ಯಮಕ್ಕೆ ತಕ್ಕ ಅನುವಾದವೆಂದೇ ಹೇಳಬೇಕು.

ಇನ್ನು ಆಟದ ಉಪಕರಣವನ್ನು ನೋಡಬೇಕು. ತೆರೆಯ ಮೇಲೆ ಕಾಣುವುದು ಉದ್ದನೆಯ ದಾಳಗಳು, ಶಿಲುಬೆಯಾಕಾರದ ಹಾಸು, ಕಾಯಿಗಳು. ಅಂದರೆ ಕನ್ನಡನಾಡಿನ ಮನೆಮನೆಯಲ್ಲಿ ತಿಳಿದಿರುವ ಪಗಡೆ. ವ್ಯಾಸರ ಸಭಾಪರ್ವದಲ್ಲಿ ಆಡಿದುದು ಇದೇ ಆಟವೇ? ಋಗ್ವೇದದ ಅಕ್ಷಸೂಕ್ತದಲ್ಲಿ ಅಕ್ಷಗಳೆಂದರೆ ವಿಭೀದಕ, ಎಂದರೆ ತಾರೆಯ ಮರದ ಕಾಯಿಗಳು. ಅವುಗಳ ಗುಂಪು ದೊಡ್ಡದು; ಗಾಳಿಯಾಡುವ ಎಡೆಯಲ್ಲಿ ಬೆಳೆದ ಆ ಕಾಯಿಗಳು ಹಳ್ಳದಲ್ಲಿ ಉರುಳುವುವೆಂದು ಋಷಿಯ ವರ್ಣನೆ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಹೆಸರುಗಳು ಯುಗಗಳಿಗೆ ಸಲ್ಲುವಂತೆಯೇ ಅಕ್ಷಗಳ ಎಣಿಕೆಗೂ ಸಲ್ಲುತ್ತವೆ. ನಾಲ್ಕರಿಂದ ಭಾಗಿಸಿದಾಗ ಶೇಷವಿಲ್ಲದಿದ್ದರೆ ಕೃತ, ಒಂದು ಉಳಿದರೆ ಕಲಿ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಪಾಣಿನಿಯ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಅಕ್ಷ, ಶಲಾಕಾ, ಸಂಖ್ಯಾಶಬ್ದಗಳು ‘ಪರಿ’ ಎಂಬುದರೊಡನೆ ಸಮಾಸವಾಗುತ್ತವೆಂದು ಹೇಳುವ ಸೂತ್ರವೊಂದಿದೆ. ಕಾಶಿಕಾವೃತ್ತಿಯು ಇದನ್ನು ವಿವರಿಸುತ್ತ, ಪಂಚಿಕಾ ಎಂಬ ದ್ಯೂತವು ಐದು ಅಕ್ಷಗಳಿಂದಲೋ ಐದು ಶಲಾಕೆಗಳಿಂದಲೋ ಆಡಲ್ಪಡುವುದು, ಐದೂ ಒಂದೇ ಬಗೆಯಾಗಿ ಬಿದ್ದರೆ ಎಸೆದವನಿಗೆ ಜಯ, ಒಂದು ಬೇರೆಯಾಗಿ ಬಿದ್ದರೆ ‘ಏಕಪರಿ’, ಎರಡಾದರೆ ‘ದ್ವಿಪರಿ’ ಎನ್ನುತ್ತದೆ. ಸೋಲಿಗಾಗಿಯೇ ಒಂದು ಸಮಾಸವನ್ನು ವ್ಯಾಕರಣವು ಕಾದಿರಿಸಬೇಕಾಯಿತೆಂದರೆ ಆ ಆಟದ ಬಳಕೆ ಎಷ್ಟಿದ್ದಿರಬೇಕು! ರಾಜಸೂಯಯಾಗದಲ್ಲಿಯೂ ಅಭಿಷಿಕ್ತನಾದ ರಾಜನ ಕೈಗೆ ಐದು ಅಕ್ಷಗಳನ್ನು ಕೊಡುವ ವಿಧಿಯುಂಟು. ಯುಧಿಷ್ಠಿರನ ರಾಜಸೂಯದ ಬೆನ್ನಲ್ಲೇ ದ್ಯೂತವು ಬರುವುದು ಆಕಸ್ಮಿಕವಲ್ಲ, ಪರ್ವದ ರಚನೆಯೇ ಯಾಗದ ಕ್ರಮವನ್ನು ಅನುಸರಿಸಿದೆ ಎಂದು ವಾನ್ ಬ್ಯೂಟೆನೆನ್ ಅವರು ವಾದಿಸಿದುದು ಈ ಆಧಾರದಿಂದಲೇ.

ಸಭಾಪರ್ವದಲ್ಲಿ ಒಡ್ಡುಗಳು ಒಂದರ ಮೇಲೊಂದು ಬೀಳುವ ವೇಗವನ್ನು ಗಮನಿಸಬೇಕು. ಪಣವನ್ನು ಹೇಳಿದೊಡನೆ ಶಕುನಿಯು ಅಕ್ಷವನ್ನು ಹಿಡಿಯುತ್ತಾನೆ, ಗೆದ್ದೆನೆನ್ನುತ್ತಾನೆ. ರತ್ನ, ರಥ, ದಾಸದಾಸಿಯರು, ಆನೆಕುದುರೆ, ನಿಧಿ, ಗೋಧನ, ರಾಜ್ಯ, ಬಳಿಕ ನಕುಲ, ಸಹದೇವ, ಅರ್ಜುನ, ಭೀಮ, ಕೊನೆಗೆ ತಾನು, ತನ್ನ ಬಳಿಕ ದ್ರೌಪದಿ; ಇಷ್ಟೂ ಒಂದೇ ಕುಳಿತದಲ್ಲಿ ಮುಗಿಯುತ್ತದೆ. ಕಾಯಿಗಳನ್ನು ಮನೆಯಿಂದ ಮನೆಗೆ ನಡೆಸಿ, ಹೊಡೆದು, ಹಣ್ಣುಮಾಡುವ ಪಗಡೆಯಲ್ಲಿ ಇಷ್ಟೊಂದು ಆಟಗಳಿಗೆ ದಿನಗಳೇ ಬೇಕು. ಆದುದರಿಂದ ಇಲ್ಲಿನದು ಒಂದೇ ಎಸೆತದಲ್ಲಿ ಜಯಾಪಜಯ ನಿರ್ಣಯವಾಗುವ ಎಣಿಕೆಯ ಆಟವೆಂದು ಊಹಿಸುವುದು ಯುಕ್ತ. ಇದಕ್ಕೆ ಪ್ರತಿಯಾಗಿ ವಿರಾಟಪರ್ವದ ಸಾಕ್ಷ್ಯವನ್ನು ಹೇಳಬಹುದು. ಕಂಕನಾಗಿ ವೇಷಮರೆಸಿಕೊಳ್ಳುವ ಯುಧಿಷ್ಠಿರನು ಕಪ್ಪು ಕೆಂಪು ಬಣ್ಣದ, ದಂತ ಸುವರ್ಣಾದಿಗಳಿಂದಾದ ಸಾಧನಗಳನ್ನು ಅಲ್ಲಿ ಹೆಸರಿಸುತ್ತಾನೆ. ಅದು ಹಾಸಿನ ಆಟದತ್ತ ಬೆರಳು ತೋರುವಂತಿದೆ. ಮಹಾಭಾರತವು ಬೆಳೆದ ಕಾಲವು ದೀರ್ಘವಾದುದರಿಂದ ಎರಡು ಆಟಗಳೂ ಅದರೊಳಗೆ ಸೇರಿರಬಹುದು. ಕುಮಾರವ್ಯಾಸನು ಹಾಸಂಗಿ, ಸಾರಿಗಳನ್ನು ತಂದು ಪಗಡೆಯನ್ನೇ ಆಡಿಸಿದ್ದಾನೆ. ಅವನ ಕಾಲದ ಓದುಗರಿಗೆ ತಿಳಿದ ಆಟವು ಅದು. ಧಾರಾವಾಹಿಯು ಮಾಡಿದುದೂ ಅಷ್ಟೇ. ಈ ವಿಷಯದಲ್ಲಿ ಅದನ್ನು ದೂಷಿಸಿದರೆ ಗದುಗಿನ ಕವಿಯನ್ನೂ ದೂಷಿಸಬೇಕಾದೀತು.

ಆದರೆ ಉಪಕರಣವು ಬದಲಾದಾಗ ಶಕುನಿಯ ವಿದ್ಯೆಯೂ ಬದಲಾಗುತ್ತದೆಂಬುದು ಅಷ್ಟು ಸುಲಭವಾಗಿ ಬಿಡತಕ್ಕ ಸಂಗತಿಯಲ್ಲ. ನಲೋಪಾಖ್ಯಾನದಲ್ಲಿ ಋತುಪರ್ಣನು ರಥವು ಓಡುತ್ತಿರುವಾಗಲೇ ವಿಭೀತಕವೃಕ್ಷದ ಎಲೆಗಳನ್ನೂ ಕಾಯಿಗಳನ್ನೂ ಕಣ್ಣಳತೆಯಿಂದ ಎಣಿಸಿ ಹೇಳುತ್ತಾನೆ. ನಲನು ರಥವನ್ನು ನಿಲ್ಲಿಸಿ ಎಣಿಸಿನೋಡಿದಾಗ ಲೆಕ್ಕವು ಸರಿಯಾಗಿರುತ್ತದೆ. ಆ ವಿದ್ಯೆಗೇ ಅಕ್ಷಹೃದಯವೆಂದು ಹೆಸರು. ಅದನ್ನು ಪಡೆದೊಡನೆ ಕಲಿಪುರುಷನು ನಲನ ದೇಹವನ್ನು ಬಿಟ್ಟು ಅದೇ ಮರವನ್ನು ಸೇರುತ್ತಾನೆ. ಇದರಿಂದ, ದ್ಯೂತಕೌಶಲವೆಂದರೆ ಕ್ಷಣಮಾತ್ರದಲ್ಲಿ ದೊಡ್ಡ ರಾಶಿಯನ್ನು ಎಣಿಸುವ ಶಕ್ತಿಯೆಂದು ಮಹಾಭಾರತವೇ ಹೇಳಿದಂತಾಯಿತು. ಶಕುನಿಯೂ ಆಟಕ್ಕೆ ಮೊದಲು ಎಣಿಕೆಯನ್ನು ಬಲ್ಲವನ ಹಿರಿಮೆಯನ್ನೇ ಹೊಗಳಿಕೊಳ್ಳುತ್ತಾನೆ. ಅವನು ನಿಕೃತಿಯನ್ನು, ಎಂದರೆ ವಂಚನೆಯನ್ನು, ಆಶ್ರಯಿಸಿದನೆಂದು ಕವಿಯು ಹೇಳುವುದೂ ದಿಟ. ಆದರೆ ಆ ವಂಚನೆಯು ಮಾಟದ ದಾಳದಲ್ಲಿತ್ತೆಂದು ಹೇಳಿಲ್ಲ. ಶಕುನಿಯ ದಾಳಗಳು ಅವನ ತಂದೆ ಸುಬಲನ ಎಲುಬುಗಳಿಂದಾದುವು, ಅವನು ಹೇಳಿದಂತೆ ಬೀಳುತ್ತಿದ್ದುವು ಎಂಬ ಕಥೆಯು ಜನರಲ್ಲಿ ಬಹಳವಾಗಿ ಹರಡಿದೆ. ವ್ಯಾಸಭಾರತದಲ್ಲಿ ಅದು ಇಲ್ಲ. ಧಾರಾವಾಹಿಯ ಶಕುನಿಯು ದಾಳಗಳೊಡನೆ ಮಾತನಾಡುವ ರೀತಿಯು ಈ ಜನಕಥೆಯ ಕಡೆಗೇ ಪ್ರೇಕ್ಷಕರ ಮನಸ್ಸನ್ನು ಒಲಿಸುತ್ತದೆ.

ಹಾಗಾದರೆ ಏನು ಕೆಟ್ಟಿತು ಎಂದು ಕೇಳಬಹುದು. ದಾಳವು ಮಾಂತ್ರಿಕವಾದರೆ ಯುಧಿಷ್ಠಿರನು ನಿರುಪಾಯನಾಗುತ್ತಾನೆ, ಅವನ ಮೇಲಣ ಹೊಣೆಯು ಸಡಿಲವಾಗುತ್ತದೆ. ವಿದ್ಯೆಯಾದರೋ, ತಾನು ಅರಿಯದ ಆಟದಲ್ಲಿ ಅರಿತವನೆದುರು ಕುಳಿತು, ಸೋಲುಸೋಲಿಗೂ ಪಣವನ್ನು ಹೆಚ್ಚಿಸುತ್ತ ಹೋದವನ ದೋಷವು ದೋಷವಾಗಿಯೇ ಉಳಿಯುತ್ತದೆ. ಮೂಲದ ಯುಧಿಷ್ಠಿರನು ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ಕ್ರಮವಲ್ಲವೆಂದು ಮೊದಲೇ ಆಕ್ಷೇಪಿಸುತ್ತಾನೆ. ದುರ್ಯೋಧನನು ಪಣ ತನ್ನದು, ಆಡುವವನು ಮಾವನು ಎಂದಾಗ ಆ ಆಕ್ಷೇಪವನ್ನು ಅಲ್ಲಿಗೇ ಬಿಟ್ಟು ಆಡತೊಡಗುತ್ತಾನೆ. ಅಪಾಯವನ್ನು ಕಂಡೂ ಕುಳಿತವನು ಅವನು.

ಇದನ್ನು ಜೂಜುಕಟ್ಟೆಯ ಶಾಸ್ತ್ರದೊಡನೆ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರಿನ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಲೀಯ ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಕಡೆಯ ಅಧ್ಯಾಯದಲ್ಲಿ ದ್ಯೂತದ ವಿಧಿಗಳಿವೆ. ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಎಡೆಯಲ್ಲಿ ನಡೆಯಿಸಬೇಕು. ಬೇರೆಡೆ ಆಡಿದವರಿಗೆ ೧೨ ಪಣ ದಂಡ. ಶುದ್ಧವಾದ ಅಕ್ಷಗಳನ್ನು ಅಧ್ಯಕ್ಷನೇ ಒದಗಿಸಬೇಕು, ಅವನ್ನು ಬದಲಾಯಿಸಿದವನು ದಂಡಾರ್ಹನು. ಗೆದ್ದ ಧನದಲ್ಲಿ ನೂರಕ್ಕೆ ೫ರಂತೆ ಅಧ್ಯಕ್ಷನು ತೆಗೆದುಕೊಳ್ಳಬೇಕು. ಯಾಜ್ಞವಲ್ಕ್ಯಸ್ಮೃತಿಯೂ ಸಭಿಕನ ಪಾಲನ್ನು ಪಣದ ಮೊತ್ತಕ್ಕೆ ತಕ್ಕಂತೆ ನೂರಕ್ಕೆ ೫, ನೂರಕ್ಕೆ ೧೦ ಎಂದು ಗೊತ್ತುಮಾಡುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದಕ್ಕೆ ವ್ಯಾಖ್ಯೆಯನ್ನು ಬರೆದಿದ್ದಾನೆ. ಮನುವು ಮಾತ್ರ ದ್ಯೂತವನ್ನೇ ರಾಷ್ಟ್ರದಿಂದ ಹೊರಹಾಕಬೇಕೆನ್ನುವ ಪಕ್ಷದವನು. ಶೂದ್ರಕನ ಮೃಚ್ಛಕಟಿಕದಲ್ಲಿ ಈ ಸಭಿಕನು ಮಾಥುರನೆಂಬ ಹೆಸರಿನಿಂದ ರಂಗಕ್ಕೇ ಬರುತ್ತಾನೆ. ಹತ್ತು ಸುವರ್ಣಗಳನ್ನು ಸೋತ ಸಂವಾಹಕನು ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಪಾಳುಗುಡಿಯನ್ನು ಹೊಕ್ಕು ದೇವರ ಮೂರ್ತಿಯಂತೆ ನಿಲ್ಲುತ್ತಾನೆ. ಬೆನ್ನಟ್ಟಿ ಬಂದ ಮಾಥುರನೂ ಜೂಜುಗಾರನೂ ಆ ಮೂರ್ತಿಯ ಮುಂದೆಯೇ ಆಟಕ್ಕೆ ಕೂಡುತ್ತಾರೆ. ಅಕ್ಷಗಳ ಸದ್ದನ್ನು ಕೇಳಿದ ‘ದೇವರಿಗೆ’ ತಡೆಯಲಾಗುವುದಿಲ್ಲ. ಪೀಠದಿಂದಿಳಿದು ತನ್ನ ಸರದಿಯನ್ನು ಕೇಳಿ ಸಿಕ್ಕಿಬೀಳುತ್ತಾನೆ. ವ್ಯಸನವೆಂದರೇನು ಎಂಬುದನ್ನು ಇಷ್ಟು ಸ್ವಲ್ಪದರಲ್ಲಿ, ನಗೆಯೊಡನೆ, ತೋರಿದ ದೃಶ್ಯವು ಮತ್ತೊಂದು ದೊರೆಯುವುದು ದುರ್ಲಭ. ಗಿರೀಶ ಕಾರ್ನಾಡರು ೧೯೮೪ರಲ್ಲಿ ನಿರ್ದೇಶಿಸಿದ ‘ಉತ್ಸವ್’ ಎಂಬ ಹಿಂದೀ ಚಲಚ್ಚಿತ್ರಕ್ಕೆ ಆಧಾರವು ಈ ಪ್ರಕರಣವೇ.

ಶಾಸ್ತ್ರದ ಈ ದೃಷ್ಟಿಯಿಂದ ಹಸ್ತಿನಾವತಿಯ ಸಭೆಗೆ ಸಭಿಕನಾರು? ಸಭೆಯನ್ನು ಕಟ್ಟಿಸಿದವನು, ಆಟಕ್ಕೆ ಕರೆಯಿಸಿದವನು ಧೃತರಾಷ್ಟ್ರ. ಆದರೆ ಅವನು ಆಟವನ್ನು ನಿಯಮಿಸುವ ತಟಸ್ಥನಲ್ಲ. ಗೆದ್ದುದಾಯಿತೇ ಎಂದು ಹರ್ಷದಿಂದ ಮತ್ತೆ ಮತ್ತೆ ಕೇಳುತ್ತ, ತನ್ನ ಒಳಗನ್ನು ಮುಚ್ಚಿಡಲಾರದೆ ಹೋದವನು. ಕೌಟಲ್ಯನ ಪೇಟೆಯ ಜೂಜುಕಟ್ಟೆಯಲ್ಲಿ ಒಬ್ಬ ವರ್ತಕನಿಗೆ ದೊರೆಯುತ್ತಿದ್ದ ರಕ್ಷಣೆಯು ಕುರುಸಭೆಯಲ್ಲಿ ಸಮ್ರಾಟನಿಗೆ ದೊರೆಯಲಿಲ್ಲ.

ದ್ಯೂತಕ್ಕೆ ಕಾರಣವನ್ನು ಹೇಳುವಲ್ಲಿ ಧಾರಾವಾಹಿಯು ಮಾಡಿಕೊಂಡ ಬದಲಾವಣೆಯು ಇದಕ್ಕಿಂತ ಗುರುತರವಾದುದು. ಮಯಸಭೆಯಲ್ಲಿ ನೀರನ್ನು ನೆಲವೆಂದು ಭ್ರಮಿಸಿ ಬಿದ್ದ ದುರ್ಯೋಧನನನ್ನು ನೋಡಿ ದ್ರೌಪದಿಯು ನಕ್ಕು, ಕುರುಡನ ಮಗನೂ ಕುರುಡನೇ ಎಂದು ಹೀಯಾಳಿಸಿದಳೆಂದು ಅಲ್ಲಿ ತೋರಿಸಿದೆ. ಮೂಲದಲ್ಲಿ ಪ್ರಸಂಗವು ನಡೆಯುವ ಎಡೆಯಲ್ಲಿ ನಕ್ಕವರು ಭೀಮ, ಅರ್ಜುನ, ಯಮಳರು ಮತ್ತು ಸೇವಕರು. ದ್ರೌಪದಿಯ ಹೆಸರೇ ಅಲ್ಲಿ ಇಲ್ಲ. ಬಳಿಕ ದುರ್ಯೋಧನನು ತಂದೆಯ ಮುಂದೆ ತನ್ನ ಅವಮಾನವನ್ನು ತೋಡಿಕೊಳ್ಳುವಾಗ ಮಾತ್ರ ಕೃಷ್ಣಾರ್ಜುನರೂ, ಸ್ತ್ರೀಯರೊಡನೆ ದ್ರೌಪದಿಯೂ ನಕ್ಕರೆಂದು ಸೇರಿಸುತ್ತಾನೆ. ಭೀಮನು ತನ್ನನ್ನು ಧೃತರಾಷ್ಟ್ರನ ಮಗನೆಂದು ಸಂಬೋಧಿಸಿ ಬಾಗಿಲು ಇತ್ತ ಇದೆಯೆಂದು ಹಾಸ್ಯಮಾಡಿದನೆಂದೂ ದೂರುತ್ತಾನೆ. ಕುರುಡನ ಮಗನೆಂಬ ಮಾತಿಗೆ ಬೀಜವು ಇಲ್ಲಿರಬಹುದು. ಕವಿಯ ನಿರೂಪಣೆಗೂ, ಮತ್ಸರಗ್ರಸ್ತನಾದ ಪಾತ್ರವು ತಂದೆಯನ್ನು ಒಲಿಸಲು ಹೇಳಿದ ಮಾತಿಗೂ ಇರುವ ಅಂತರವನ್ನು ವ್ಯಾಸರು ಬೇಕೆಂದೇ ಉಳಿಸಿದ್ದಾರೆ. ಆ ಅಂತರವು ಅಳಿದುಹೋದಾಗ ಭೀಮನ ಬಾಯಲ್ಲಿದ್ದುದು ದ್ರೌಪದಿಯ ಬಾಯಿಗೆ ಬಂದಿತು. ಸಭೆಯಲ್ಲಿ ಅವಳಿಗಾದುದಕ್ಕೆ ಅವಳ ನಾಲಗೆಯೇ ಕಾರಣವೆಂದು ಲೋಕವು ಹೇಳುವಂತಾಯಿತು. ಈ ಮಾರ್ಪಾಟು ಧಾರಾವಾಹಿಯಿಂದಲೇ ಹುಟ್ಟಿದುದಲ್ಲ, ಹಿಂದಿನಿಂದ ಜನಜನಿತವಾಗಿದ್ದುದೇ. ಆದರೂ ಒಂದು ದೇಶಕ್ಕೆ ದೇಶವೇ ಏಕಕಾಲದಲ್ಲಿ ಅದನ್ನು ಕಣ್ಣಾರೆ ಕಂಡುದು ಅಂದೇ. ಮೂಲದಲ್ಲಿ ಈರ್ಷ್ಯೆಗೆ ಕಾರಣವು ರಾಜಸೂಯದ ಸಂಪತ್ತು. ದುರ್ಯೋಧನನು ಕಾಣಿಕೆಗಳ ಪಟ್ಟಿಯನ್ನು ಅಧ್ಯಾಯಗಳಷ್ಟು ಉದ್ದ ಒಪ್ಪಿಸುತ್ತಾನೆಂಬುದನ್ನು ಪಾಠಹೇಳುವವರು ಮರೆಯಬಾರದು.

ಇನ್ನು ಧಾರಾವಾಹಿಯ ಗುಣಪಕ್ಷ. ಸಭೆಗೆ ಎಳೆದುತರಲ್ಪಟ್ಟ ದ್ರೌಪದಿಯ ಪ್ರಶ್ನೆಯನ್ನು ಅದು ಬಿಟ್ಟಿಲ್ಲ, ಮೊಟಕುಮಾಡಿಲ್ಲ. ತನ್ನನ್ನು ಮೊದಲು ಸೋತನೇ, ತನ್ನ ಪತ್ನಿಯನ್ನು ಮೊದಲು ಸೋತನೇ ಎಂಬ ಆ ಪ್ರಶ್ನೆಯು ದುಃಖಿತೆಯ ಪ್ರಲಾಪವಲ್ಲ, ವ್ಯವಹಾರಶಾಸ್ತ್ರದ ಪ್ರಶ್ನೆ. ದಾಸನಾದವನಿಗೆ ಸ್ವತ್ತಿಲ್ಲ, ಸ್ವತ್ತಿಲ್ಲದವನು ಪಣವಿಡಲಾರನು, ಹಾಗೆಂದು ಭಾರ್ಯೆಯ ಮೇಲೆ ಭರ್ತೃವಿನ ಅಧಿಕಾರವು ದಾಸ್ಯದಿಂದ ನಷ್ಟವಾಯಿತೇ? ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ನಿಲ್ಲಿಸುವುದು ಈ ಎರಡರ ನಡುವೆ ಸಿಕ್ಕಿಕೊಂಡೇ. ಧೃತರಾಷ್ಟ್ರನ ಮಗನಾದ ವಿಕರ್ಣನು ಮಾತ್ರ ನಿರ್ಭಯನಾಗಿ ಉತ್ತರಕೊಡುತ್ತಾನೆ. ರಾಜರು ವ್ಯಸನದಲ್ಲಿ ಮುಳುಗಿ ಮಾಡಿದುದನ್ನು ಲೋಕವು ಮಾಡಿದುದೆಂದು ಎಣಿಸುವುದಿಲ್ಲ. ಅವಳು ಐವರಿಗೂ ಸಮಾನಳು. ಒಬ್ಬನು, ಅದೂ ತಾನು ಸೋತ ಮೇಲೆ, ಅವಳನ್ನು ಒಡ್ಡಿದನು. ಅದಲ್ಲದೆ ಅವಳ ಹೆಸರನ್ನು ಎತ್ತಿದವನೇ ಶಕುನಿ. ಆದುದರಿಂದ ಅವಳು ಗೆಲ್ಲಲ್ಪಟ್ಟವಳಲ್ಲ. ನ್ಯಾಯಸ್ಥಾನದಲ್ಲಿ ನಿಲ್ಲಬಲ್ಲ ವಾದವಿದು. (ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯೆಂದೇ ನಿರೂಪಿಸಿರುವುದರಿಂದ ಅವನ ಕಥಾಕ್ರಮದಲ್ಲಿ ಐವರಿಗೂ ಸಮಾನಳೆಂಬ ಹೇತುವು ತಾನೇ ಬಿದ್ದುಹೋಗುತ್ತದೆ, ತಮ್ಮನ ಮಡದಿಯ ಮೇಲೆ ಅಣ್ಣನಿಗೆ ಏನಧಿಕಾರವೆಂಬ ಇನ್ನೂ ತೀಕ್ಷ್ಣವಾದ ಪ್ರಶ್ನೆಯು ಅದರ ಸ್ಥಾನದಲ್ಲಿ ಏಳುತ್ತದೆ.) ತೆರೆಯ ಮೇಲೆ ರೂಪಾ ಗಂಗೂಲಿಯವರು ಈ ಪ್ರಶ್ನೆಯನ್ನು ಒಬ್ಬೊಬ್ಬ ಹಿರಿಯನ ಕಡೆಗೂ ತಿರುಗಿ ಕೇಳುವ ರೀತಿಯಲ್ಲಿ ಅಳುವಿಗಿಂತ ತರ್ಕವೇ ಮುಂದಾಗಿದೆ. ಪೀಟರ್ ಬ್ರೂಕ್ ಅವರ ೧೯೮೯ರ ಚಿತ್ರರೂಪದಲ್ಲಿ ಮಲ್ಲಿಕಾ ಸಾರಾಭಾಯ್ ಅವರು ವಹಿಸಿದ ಪಾತ್ರವೂ ಇದೇ ಗಾಂಭೀರ್ಯವುಳ್ಳದ್ದು.

ವಸ್ತ್ರಾಪಹರಣದ ವಿಷಯದಲ್ಲಿ ಪಾಠಶೋಧನೆಯ ಫಲವನ್ನು ಹೇಳಬೇಕಾಗಿದೆ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾಸಂಶೋಧನ ಮಂದಿರದ ಪರಿಷ್ಕೃತ ಆವೃತ್ತಿಯಲ್ಲಿ ಸಭಾಪರ್ವವನ್ನು ಶೋಧಿಸಿದವರು ಫ್ರ್ಯಾಂಕ್ಲಿನ್ ಎಜರ್ಟನ್. ಅವರು ಸ್ವೀಕರಿಸಿದ ಪಾಠದಲ್ಲಿ ದ್ರೌಪದಿಯು ಕೃಷ್ಣನನ್ನು ಮೊರೆಯಿಡುವ ಶ್ಲೋಕಗಳಿಲ್ಲ. ಸೆಳೆದಷ್ಟೂ ಬಟ್ಟೆಯು ಬಂದಿತೆಂಬುದು ಮಾತ್ರ ಇದೆ, ಕೊಟ್ಟವನಾರೆಂಬುದು ಇಲ್ಲ. ಕುಮಾರವ್ಯಾಸನಲ್ಲಿಯಾದರೋ ಆ ಮೊರೆಯೇ ಪ್ರಸಂಗದ ಪ್ರಾಣ. ಭಕ್ತಿಯ ದೃಷ್ಟಿಯಿಂದ ಅವನ ದ್ರೌಪದಿಯ ಕೂಗಿಗೆ ಸಮನಾದುದು ಕನ್ನಡದಲ್ಲಿ ವಿರಳ. ಧಾರಾವಾಹಿಯು ಭಕ್ತಿಪರಂಪರೆಯನ್ನೇ ಹಿಡಿದು, ಕೃಷ್ಣನ ಕೈಯಿಂದ ಸೀರೆಯು ಹರಿದುಬರುವಂತೆ ತೋರಿಸಿತು. ಇದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲವಾದರೂ ಒಂದು ಮಾತು: ಪವಾಡವು ನಡೆದೊಡನೆ ಪ್ರೇಕ್ಷಕನಿಗೆ ಸಮಾಧಾನವಾಗುತ್ತದೆ, ಪ್ರಶ್ನೆಗೆ ಉತ್ತರ ಬರಲಿಲ್ಲವೆಂಬುದು ಮರೆತುಹೋಗುತ್ತದೆ. ವ್ಯಾಸರಲ್ಲಿ ಹಾಗಲ್ಲ. ಬಟ್ಟೆಯ ರಾಶಿಯು ಬಿದ್ದ ಮೇಲೂ ವಾದವು ಮುಂದುವರಿಯುತ್ತದೆ. ನರಿಯು ಅಗ್ನಿಹೋತ್ರಶಾಲೆಯಲ್ಲಿ ಊಳಿಟ್ಟಾಗ ಗಾಂಧಾರಿಯೂ ವಿದುರನೂ ಎಚ್ಚರಿಸಿ, ಧೃತರಾಷ್ಟ್ರನು ವರಗಳನ್ನು ಕೊಡುತ್ತಾನೆ; ಮೊದಲ ವರದಿಂದ ಯುಧಿಷ್ಠಿರನಿಗೂ, ಎರಡನೆಯದರಿಂದ ಉಳಿದ ನಾಲ್ವರಿಗೂ ಬಿಡುಗಡೆಯನ್ನು ಬೇಡಿ, ಮೂರನೆಯದನ್ನು ಅವಳು ಒಲ್ಲೆನೆನ್ನುತ್ತಾಳೆ. ತನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸಪುತ್ರನೆನ್ನದಿರಲಿ ಎಂಬುದು ಮೊದಲ ವರಕ್ಕೆ ಅವಳು ಕೊಡುವ ಕಾರಣ. ತನಗಾಗಿ ಬೇಡಿದುದು ಏನೂ ಇಲ್ಲ.

ಈ ಪ್ರಸಂಗವನ್ನು ಚಿತ್ರವಾಗಿ ನೋಡುವುದರಲ್ಲಿ ಇರುವ ಧರ್ಮಸಂಕಟವನ್ನು ಪ್ರಾಚೀನರು ಅರಿಯದೆ ಇರಲಿಲ್ಲ. ಗಣಪತಿಶಾಸ್ತ್ರಿಗಳು ೧೯೧೨ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ, ಭಾಸನವೆನ್ನಲಾದ ನಾಟಕಗಳಲ್ಲೊಂದು ದೂತವಾಕ್ಯ. ಅದರಲ್ಲಿ ಸಂಧಿಗಾಗಿ ಬಂದ ಕೃಷ್ಣನನ್ನು ಎದ್ದು ಗೌರವಿಸಬಾರದೆಂದು ದುರ್ಯೋಧನನು ದ್ರೌಪದಿಯ ಕೇಶಾಂಬರಾಕರ್ಷಣದ ಚಿತ್ರಪಟವನ್ನು ತರಿಸಿ ನೋಡುತ್ತ ಕೂಡುತ್ತಾನೆ. ಕೋಪಗೊಂಡ ಭೀಮ, ಕಣ್ಣಂಚಿನಿಂದ ಅವನನ್ನು ತಡೆಯುವ ಯುಧಿಷ್ಠಿರ, ನಗುತ್ತ ಅಕ್ಷಗಳನ್ನು ಎಸೆಯುವ ಶಕುನಿ, ನಾಚಿ ಸೆರಗಿನಲ್ಲಿ ಮೋರೆಯನ್ನು ಮರೆಸಿಕೊಂಡ ಆಚಾರ್ಯ ಪಿತಾಮಹರು ಹೀಗೆ ಒಬ್ಬೊಬ್ಬರನ್ನೂ ತೋರಿಸಿ, ಬಣ್ಣವು ಎಷ್ಟು ಚೆನ್ನಾಗಿ ಬಂದಿದೆಯೆಂದು ಚಿತ್ರಕಾರನನ್ನು ಮೆಚ್ಚಿಕೊಳ್ಳುತ್ತಾನೆ. ದೂರದರ್ಶನದ ಸಭೆಯಲ್ಲಿಯೂ ಕ್ಯಾಮೆರಾವು ಇದೇ ಮುಖಗಳ ಮೇಲೆ ಸರದಿಯಾಗಿ ನಿಲ್ಲುತ್ತದೆ. ಆದರೆ ಅದು ದುರ್ಯೋಧನನ ಕಣ್ಣಿನಿಂದ ನೋಡುವುದಿಲ್ಲ, ತಲೆತಗ್ಗಿಸಿದವರ ಲಜ್ಜೆಯಲ್ಲಿಯೇ ಹೆಚ್ಚು ಹೊತ್ತು ತಂಗುತ್ತದೆ. ಅಷ್ಟರಮಟ್ಟಿಗೆ ನಿರ್ದೇಶಕರ ವಿವೇಕವು ಸ್ತುತ್ಯವಾದುದು.

ಕನ್ನಡದ ಓದುಗರಿಗೆ ನೆತ್ತದ ಇನ್ನೊಂದು ಚಿತ್ರವೂ ನೆನಪಾಗದಿರದು. ಕೃಷ್ಣನು ಭೇದೋಪಾಯದಿಂದ ಕರೆದಾಗ ಪಂಪನ ಕರ್ಣನು ತನ್ನ ಒಡೆಯನ ವಿಶ್ವಾಸವನ್ನು ಸ್ಮರಿಸುವ ಪದ್ಯದಲ್ಲಿ ಭಾನುಮತಿಯ ನೆತ್ತದಾಟವೂ, ಹರಿದ ಮುತ್ತಿನ ಹಾರವೂ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳುವ ದುರ್ಯೋಧನನೂ ಬರುತ್ತಾರೆ. ಅವಳೊಡನೆ ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವುಂಟು. ಹೇಗಾದರೂ, ಹಸ್ತಿನಾವತಿಯ ಅದೇ ಅರಮನೆಯಲ್ಲಿ, ಅದೇ ದುರ್ಯೋಧನನ ಮುಂದೆ, ಅದೇ ಆಟವು ಇನ್ನೊಬ್ಬ ಸ್ತ್ರೀಯ ಮಾನಕ್ಕೆ ಕುಂದಿಲ್ಲದಂತೆ ಮುಗಿಯುವುದನ್ನು ಹತ್ತು ಶತಮಾನಗಳಿಗೂ ಹಿಂದೆ ಕನ್ನಡದ ಕವಿಯೊಬ್ಬನು ಕಂಡಿದ್ದನು.

ಎರಡನೆಯ ದ್ಯೂತ, ಎಂದರೆ ಹನ್ನೆರಡು ವರ್ಷ ವನವಾಸ ಮತ್ತು ಒಂದು ವರ್ಷ ಅಜ್ಞಾತವಾಸಗಳನ್ನು ಪಣವಾಗಿ ಉಳ್ಳ ಅನುದ್ಯೂತ, ಜನರ ನೆನಪಿನಲ್ಲಿ ಬಹುಮಟ್ಟಿಗೆ ಮೊದಲನೆಯದರಲ್ಲಿಯೇ ಕರಗಿಹೋಗಿದೆ. ಅದರ ಮುಂದಿನ ಅಕ್ಷಕಥೆಯಂತೂ ತೆರೆಯನ್ನು ನೋಡಿದವರಿಗೆ ತಿಳಿದಿರುವುದು ಇನ್ನೂ ಕಡಿಮೆ. ವನದಲ್ಲಿ ಬೃಹದಶ್ವಮುನಿಯು ನಲನ ಕಥೆಯನ್ನು ಹೇಳಿ ಮುಗಿಸಿ ಅಕ್ಷಹೃದಯವನ್ನು ಯುಧಿಷ್ಠಿರನಿಗೆ ಉಪದೇಶಿಸುತ್ತಾನೆ. ಆ ವಿದ್ಯೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡು ಅವನು ವಿರಾಟನ ಆಸ್ಥಾನವನ್ನು ಸೇರುತ್ತಾನೆ. ಉತ್ತರನು ಕೌರವರನ್ನು ಗೆದ್ದನೆಂದು ವಿರಾಟನು ಹಿಗ್ಗುತ್ತಿರುವಾಗ, ಬೃಹನ್ನಳೆಯು ಸಾರಥಿಯಾಗಿದ್ದ ಮೇಲೆ ಗೆಲ್ಲದೆ ಇರುವುದುಂಟೇ ಎಂದು ಕಂಕನು ಮತ್ತೆ ಮತ್ತೆ ಹೇಳುತ್ತಾನೆ. ಸಿಟ್ಟಿಗೆದ್ದ ವಿರಾಟನು ಕೈಯಲ್ಲಿದ್ದ ಅಕ್ಷದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ. ಮೂಗಿನಿಂದ ಸುರಿದ ನೆತ್ತರು ನೆಲಕ್ಕೆ ಬೀಳದಂತೆ ಯುಧಿಷ್ಠಿರನು ಅಂಗೈಯಲ್ಲಿ ಹಿಡಿಯುತ್ತಾನೆ. ಅವನ ಇಂಗಿತವನ್ನು ಅರಿತು, ನೀರು ತುಂಬಿದ ಚಿನ್ನದ ಪಾತ್ರೆಯನ್ನು ತಂದು ಆ ನೆತ್ತರಿಗೆ ಒಡ್ಡುವವಳು ಪಕ್ಕದಲ್ಲಿ ನಿಂತಿದ್ದ ಸೈರಂಧ್ರಿ.